ಗಿರಣಿಯವರ ಪಾವು

ಮೊದಲು ಗಾಳಿ ಇತ್ತು. ಅದಕ್ಕೆ ಕೆಲಸ ಇರಲಿಲ್ಲ.
ಮುಸ್ತನಿನದ ದಿಬ್ಬ ಹಾಯ್ದು
ಜೂನಿಪರ್ ಪೊದೆಗಳ ತಲೆ ಸವರಿ
ಬಾಲ್ಟಿಕ್ ಸಮುದ್ರಕ್ಕೆ ಇಳಿದುಹೋಗುತ್ತಿತ್ತು, ಸುಮ್ಮನೆ.

ಪ್ರೀಡಿಕ್ ಎಂಬವನು, ಜರ್ಮನ್ ಧಣಿಯ ಜೀತದಾಳಿನ ಮಗ,
ಒಂದು ಓಕ್ ಕಂಬ ನೆಟ್ಟ.
ಕಂಬದ ನೆತ್ತಿಯ ಮೇಲೆ ಮನೆ ಕೂರಿಸಿದ:
ಬಾಗಿಲು, ಏಣಿ, ನಾಲ್ಕು ರೆಕ್ಕೆ ಸಮೇತ
ಇಡೀ ಮನೆಯೇ ತಿರುಗುವ ಹಾಗೆ.
ದಿಕ್ಕು ಬದಲಾದರೆ
ಹಿಂದಿನ ಬಾಲದ ತೊಲೆಗೆ ಭುಜ ಕೊಟ್ಟು ನೂಕಿ
ಮನೆಯನ್ನು ಎದುರುಗಾಳಿಗೆ ನಿಲ್ಲಿಸುವುದು.
ಗಾಳಿ ಬಂದಾಗ ತೂರಿಕೋ ಎನ್ನುವ ಊರುಗಳಿವೆ.
ಇಲ್ಲಿ, ಗಾಳಿ ಬಂದಾಗ ತಿರುಗಿಸಿಕೋ.

ಎರಡನೆಯವನು ಲಾಸ್. ಕುಡುಕ.
ಒಂದು ಬಿರುಗಾಳಿಯ ರಾತ್ರಿ ಬ್ರೇಕಿಗೂ ಬಗ್ಗದೆ ಓಡಿದವು ರೆಕ್ಕೆ,
ಮರಕ್ಕೆ ಮರ ಉಜ್ಜಿ ಕಿಡಿ.
ನೀರು ದೂರ. ಕೈಗೆ ಸಿಕ್ಕಿದ್ದು ಪೀಪಾಯಿ ಬಿಯರು,
ಅದನ್ನೇ ಸುರಿದನಂತೆ, ಅಳುತ್ತ.
ಎಡಗಡೆ ಮೂರನೇ ತೊಲೆ. ಸುಟ್ಟ ಕಲೆ ಇನ್ನೂ ಇದೆ,
ನಾನು ಮುಟ್ಟಿದ್ದೇನೆ.

ಆಮೇಲೆ ಅವನ ಹೆಂಡತಿ ಕ್ರೇಟ್, ಹತ್ತೊಂಬತ್ತು ವರ್ಷ.
ಚರ್ಚಿನ ಪುಸ್ತಕದಲ್ಲಿ ಮಾತ್ರ ಕೊನೆತನಕ
"ದಿವಂಗತ ಲಾಸನ ಗಿರಣಿ."
ಚೀಲಕ್ಕೊಂದು ಗೀಟು, ಐದಕ್ಕೊಂದು ಅಡ್ಡಗೀಟು,
ಬಾಗಿಲ ಚೌಕಟ್ಟಿನ ತುಂಬ ಅವಳದೇ ಲೆಕ್ಕ.
ಹೆಸರು ಕೆತ್ತಲು ಪುರುಸೊತ್ತಿರಲಿಲ್ಲವೋ ಏನೋ.

ಬೀಸುವುದೆಂದರೆ ಎರಡು:
ಹೊರಗೆ ಗಾಳಿಯದು, ಒಳಗೆ ಕಲ್ಲಿನದು.
ನಡುವೆ ನಿಂತವರ ರೆಪ್ಪೆ ಬಿಳಿ.

ಕೊನೆಯವನು ನನ್ನ ಅಜ್ಜ ಆರ್ವೆದ್.
ಕಲ್ಲಿಗೆ ಮುಳ್ಳು ಹೊಡೆಯುವಾಗ ಸಿಡಿದ ಉಕ್ಕಿನ ಚೂರು
ಮುಂಗೈ ಚರ್ಮದಡಿ ನೀಲಿಗಟ್ಟಿತ್ತು, ಹಚ್ಚೆಯಂತೆ.
ಬೀಸಿದ ಕೂಲಿ, ಚೀಲಕ್ಕೆ ಒಂದು ಪಾವು ರೈ.
ಗಿರಣಿಯವರ ಹಂದಿಗೇ ಯಾಕೆ ಇಷ್ಟು ಕೊಬ್ಬು
ಎಂದು ಊರು ಕೇಳುತ್ತಿತ್ತು, ನಾಲ್ಕು ತಲೆಮಾರಿನಿಂದ.
ಪಾವಿನ ತಳ ಆಳ ಎನ್ನುತ್ತಿತ್ತು.
ಅಜ್ಜಿ ಹೆಲ್ಮಿ ಅದಕ್ಕೇ
ಚರ್ಚಿನ ಬೆಂಚಿನ ತುದಿಗೆ ಕೂರುತ್ತಿದ್ದಳು, ಕತ್ತು ನೆಟ್ಟಗೆ.

ನಲವತ್ತೊಂಬತ್ತರ ಮಾರ್ಚ್. ಬೆಳಗಿನ ಜಾವ ಲಾರಿ.
ಒಂದು ಗಂಟೆ ಕೊಟ್ಟರು.
ಅಜ್ಜ ಹೋಗಿ ರೆಕ್ಕೆಗಳ ಹಾಯಿಬಟ್ಟೆ ಬಿಚ್ಚಿ
ಮಡಿಸಿಟ್ಟು ಬಂದ, ನಾಳೆ ಬೇಕಾಗುತ್ತದೆಂಬಂತೆ.
ಅಜ್ಜಿ ಕಂಬಳಿ, ಉಪ್ಪು, ನನ್ನ ಅಮ್ಮನನ್ನು ಎತ್ತಿಕೊಂಡಳು.
ಯಾಕೋ ಆ ಪಾವನ್ನೂ.

ಸೈಬೀರಿಯಾದಲ್ಲಿ ಹಿಟ್ಟು ರೇಷನ್ನಿನದು.
ಮಳಿಗೆಯ ಮುದ್ರೆ ಬಿದ್ದ ಪಾವಿನಲ್ಲಿ ಅಳೆದು ಕೊಟ್ಟದ್ದು
ಮನೆಯ ಪಾವನ್ನು ತುಂಬಲಿಲ್ಲ.
ಮಳಿಗೆಯವನ ಮೋಸ ಎಂದುಕೊಂಡಳು.
ಮರುದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೀರು ಹೊಯ್ದು ನೋಡಿದಳು.
ಹೆಬ್ಬೆರಳ ದಪ್ಪ ಹೆಚ್ಚು.
ಊರು ಹೇಳಿದ್ದು ನಿಜ.

ಅಜ್ಜನಿಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ.
ಆ ಚಳಿಗಾಲ ದಾಟಲಿಲ್ಲ ಅವನು.

ಎಂಟು ವರ್ಷಕ್ಕೆ ವಾಪಸು ಬಂದಾಗ ಪಾವಿನ ತಳಕ್ಕೆ
ಮರದ ಬಿಲ್ಲೆಯೊಂದನ್ನು ಬಡಿದು ಕೂರಿಸಿದ್ದಳು, ಹೆಬ್ಬೆರಳ ದಪ್ಪ.
ಅಷ್ಟೊತ್ತಿಗೆ ಸಾಮೂಹಿಕ ಬೇಸಾಯದವರು
ದನದ ಮೇವು ಬೀಸಿ ಬೀಸಿ ಕಲ್ಲು ಸೀಳಿಸಿ
ಗಿರಣಿಗೆ ಬೆನ್ನು ಹಾಕಿದ್ದರು.
ಅಳೆಯಲು ಯಾರ ಚೀಲವೂ ಇಲ್ಲ.
ಶನಿವಾರ ಶನಿವಾರ ಅಂಗಡಿಯ ಹಿಟ್ಟಿನಲ್ಲೇ ಒಂದು ಪಾವು
ಯಾರದಾದರೂ ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದಳು,
ಪ್ರತಿವಾರ ಬೇರೆ ಮನೆ.
ಯಾಕಮ್ಮಾ ಎಂದರೆ "ಬಾಕಿ" ಎನ್ನುವಳು.
ನಾಲ್ಕು ತಲೆಮಾರಿನ ಬಾಕಿ. ತೀರುವ ಮೊದಲೇ ಹೋದಳು.

ಈಗ ಬೀಗದ ಕೈ ನನ್ನ ಹತ್ತಿರ.
ಬೇಸಿಗೆಯಲ್ಲಿ ನೋಡಲು ಬಂದವರು
ತಿರುಗುತ್ತದಾ ಎಂದು ಕೇಳುತ್ತಾರೆ. ಇಲ್ಲ,
ಇಲಾಖೆಯವರು ರೆಕ್ಕೆಗೆ ಬೋಲ್ಟು ಬಿಗಿದಿದ್ದಾರೆ.
ಗಾಳಿ ಮಾತ್ರ ಬೀಸುತ್ತದೆ.
ತೊಲೆಯ ಬಿರುಕಿಗೆ ಉಗುರು ಹಾಕಿ ಕೆರೆದರೆ
ಇನ್ನೂ ಉದುರುತ್ತದೆ ಹಿಟ್ಟು,
ಬೂದುಬಣ್ಣಕ್ಕೆ ತಿರುಗಿದ್ದು,
ಯಾರ ಚೀಲದ್ದೋ.