ಮೂರನೆಯದು ಬಿಟ್ಟು

ಅರಸೀಕೆರೆ ಬಸ್‌ಸ್ಟ್ಯಾಂಡಿನ ಎದುರು
ಮಂಡಿಗೆ ತಿರುಗುವ ಮೂಲೆಯಲ್ಲಿ ನನ್ನ ಗೂಡಂಗಡಿ.
ಚಾರ್ಜರು, ಇಯರ್‌ಫೋನು, ಒಡೆದ ಗಾಜಿಗೆ ಹೊಸ ಗಾಜು,
ಪೆನ್‌ಡ್ರೈವಿಗೆ ಹಾಡು ತುಂಬಿದರೆ ಐವತ್ತು ರೂಪಾಯಿ.
ಯಾರ ಎದೆಯಲ್ಲಿ ಏನಿದೆಯೋ ನಾ ಕಾಣೆ,
ಯಾರ ಜೇಬಿನಲ್ಲಿ ಯಾವ ಹಾಡು ಅಂತ ಕೇಳಿ, ಹೇಳುತ್ತೇನೆ.

ಗಂಗಾಂಬಿಕೆಯ ಹಳೇ ಹಾಡುಗಳನ್ನು ತುಂಬಿದ್ದಕ್ಕೆ ಲೆಕ್ಕವಿಲ್ಲ.
ಗಿಟಾರು, ತೆಳ್ಳನೆ ದನಿ, ಒಂದಿಷ್ಟು ಮುನಿಸು.
ಛತ್ರದಲ್ಲಿ ಮದುವಣಗಿತ್ತಿ ಮೆಟ್ಟಿಲಿಳಿವಾಗ ಅದೇ,
ರಾಗಿ ಒಕ್ಕುವ ಟ್ರಾಕ್ಟರಿನಲ್ಲೂ ಅದೇ.
ಆಮೇಲೆ ಎರಡು ವರ್ಷ ಸುಮ್ಮನಿದ್ದು
‘ಖಾಲಿ ಬೋಗಿ’ ಅಂತ ತಂದಳು, ಒಂಬತ್ತು ಹಾಡು.
ಹಾಡು ಅನ್ನಬಹುದೋ ಬಾರದೋ,
ಜಗಳ ಶುರುವಾದದ್ದೇ ಅಲ್ಲಿ.

ಲಾರಿಯ ಲೋಕಣ್ಣ ಬಾಣಾವರ ದಾಟಿ, ರಾತ್ರಿ ಎರಡು ಗಂಟೆಗೆ
ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ
ಅರ್ಧ ಗಂಟೆ ಟಾರ್ಚು ಬಿಟ್ಟು ಹುಡುಕಿದನಂತೆ
ಕಿರಕಿರ ಎಲ್ಲಿಂದ ಅಂತ.
ಎಂಜಿನ್ ನಿಂತ ಮೇಲೂ ಕಿರಕಿರ!
‘ಐದನೇ ಹಾಡು ಕಣಯ್ಯ ಅದು!
ಹೋದ ನಿದ್ದೆ ಅವಳಪ್ಪ ತಂದ್ಕೊಡ್ತಾನಾ?’
ಅಳಿಸು ಅಂದ. ಅಳಿಸಲು ಹೋದರೆ
‘ಇರ್ಲಿ ಬಿಡು, ಕ್ಲೀನರ್ ಹುಡುಗ ಕೇಳ್ತಾನೆ.’

ಮಂಡಿಯ ಬಸವಲಿಂಗಯ್ಯನವರದು ಅವರದೇ ತಕ್ಕಡಿ:
‘ಅಟ್ಟದ ಮೇಲಿನ ಕಾಯಿ ಅಲುಗಿಸಿದರೆ
ಒಳಗೆ ಲೊಟಲೊಟ ಅನ್ನಬೇಕಪ್ಪ, ಆಗ ಅದು ಕೊಬ್ಬರಿ.
ಇದಿನ್ನೂ ಹಸಿ. ಹುಡುಗಿ ಅವಸರಕ್ಕೆ ಸುಲಿದವಳೆ.’

ಹತ್ತು ವರ್ಷ ಅವಳಿಗೆ ಸರಳೆ, ಜಂಟಿ ತಿದ್ದಿದ
ವೈಜಯಂತಿ ಮೇಡಂ ಕರೆನ್ಸಿ ಹಾಕಿಸಲು ಬಂದಿದ್ದರು.
ಕೇಳಿದ್ರಾ ಮೇಡಂ ಅಂದೆ.
‘ಶ್ರುತಿನೇ ಬೇಡ ಅಂದ್ಳಲ್ಲಪ್ಪ’ ಅಂದವರು, ತಡೆದು,
‘ನನ್ನ ಹೆಸರೇನೂ ಹಾಕಿಲ್ಲ ತಾನೆ?’
ಎಲ್ಲೂ ಹಾಕಿಲ್ಲ ಅಂದೆ.
ಸಮಾಧಾನವಾದೀತು ಅಂದುಕೊಂಡಿದ್ದೆ,
ಮುಖ ಸಣ್ಣದಾಯಿತು.

ಡಿಗ್ರಿ ಕಾಲೇಜಿನ ಹುಡುಗಿಯರಿಬ್ಬರು ಒಂದೇ ಇಯರ್‌ಫೋನನ್ನು
ಕಿವಿಗೊಂದು ಹಂಚಿಕೊಂಡು ಕಣ್ಣು ಮುಚ್ಚಿದ್ದರು.
ಏನಿದೆಯಮ್ಮ ಅದರಲ್ಲಿ?
‘ಗೊತ್ತಾಗಲ್ಲ ಅಣ್ಣ, ಅದಕ್ಕೇ.’
ಬಸ್ಸು ಬಂತು. ದಾರ ಕೀಳದಂತೆ
ಜೋಡಿ ಎತ್ತಿನ ಹಾಗೆ ಒಟ್ಟಿಗೇ ಓಡಿದರು.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಮೂರನೆಯದಂತೂ ಯಾರಿಗೂ ಬೇಡ.
ನಾಲ್ಕು ನಿಮಿಷ, ಮಾತಿಲ್ಲ, ರಾಗವಿಲ್ಲ,
ಟಣ್. ತಡೆದು, ಟಣ್. ಮತ್ತೂ ತಡೆದು, ಟಣ್.
ಒಂದು ಸಂಜೆ ಅಂಗಡಿಯಲ್ಲಿ ಅದು ಓಡುತ್ತಿತ್ತು,
ಬಾಗಿಲಲ್ಲಿ ಗೌಸ್ ಸಾಹೇಬರು ನಿಂತುಬಿಟ್ಟರು.
ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ
ನಿಂತ ಗಾಡಿಯ ಗಾಲಿ ಗಾಲಿಗೂ ಸುತ್ತಿಗೆ ಬಡಿದು
ಗಟ್ಟಿ ಯಾವುದು, ಟೊಳ್ಳು ಯಾವುದು ಅಂತ ಕಿವಿಯಲ್ಲೇ ಓದಿದ ಮನುಷ್ಯ.
ಹೊಸ ಮೊಬೈಲಿನ ದನಿ ಕೇಳಿಸದು ಅಂತ ನನ್ನ ಹತ್ತಿರ ಬರುತ್ತಿದ್ದವರು.
ಬೆರಳೆತ್ತಿ ಸುಮ್ಮನಿರು ಅಂದರು.
ಏಳನೇ ಏಟು, ಎಂಟನೇದು.
‘ಇಲ್ಲಿ’ ಅಂದರು. ‘ಇದು ಸೀಳಿದೆ.
ನಾನಾಗಿದ್ದರೆ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ
ಬೋಗಿ ಬಿಡಿಸಿ ನಿಲ್ಲಿಸ್ತಿದ್ದೆ.’
ಮತ್ತೆ ಹಾಕು ಅಂದರು. ಮತ್ತೆ ಹಾಕಿದೆ.
ಹೊಗಳಿದರೋ, ಬೈದರೋ,
ಇವತ್ತಿಗೂ ಬಗೆಹರಿದಿಲ್ಲ.

ಮುಂದಿನ ವಾರ ಅವಳೇ ಬಂದಳು, ಚಾರ್ಜರಿಗೆ.
ಲೋಕಣ್ಣನ ಸುದ್ದಿಗೆ ಬಿದ್ದು ಬಿದ್ದು ನಕ್ಕಳು.
ಮೇಡಂ ವಿಷಯ ನಾನು ಎತ್ತಲಿಲ್ಲ.
ಸಾಹೇಬರ ಮಾತು ಹೇಳಿದೆ. ತೆಗೆದ ಕಾಸು ಕೈಯಲ್ಲೇ ಉಳಿಯಿತು.
‘ಗಾಲಿ ಅಲ್ಲ ಅಣ್ಣ, ನಮ್ಮಮ್ಮನ ರೊಟ್ಟಿ ಹೆಂಚು.
ಹೋದ ಚಳಿಗಾಲದಲ್ಲಿ ಸೀಳಿತು,
ಬಿಸಾಕಕ್ಕೆ ಬಿಡ್ತಿಲ್ಲ.’
ಚಿಲ್ಲರೆ ಎಣಿಸದೆ ಹೋದಳು.

ಇವತ್ತು ಬೆಳಿಗ್ಗೆ ಯಾರೋ ಕಣಕಟ್ಟೆ ಕಡೆಯವನು:
ಗಂಗಾಂಬಿಕೆಯದು ಹಾಕಿ, ಹಳೇದು.
ಹೊಸದೂ ಇರ್ಲಿ, ಜಾಗ ಇದ್ದರೆ.
ಮೂರನೆಯದು ಬಿಟ್ಟು.

ಆಯ್ತು ಅಂದೆ.
ಒಂಬತ್ತನ್ನೂ ತುಂಬಿ ಕಳಿಸಿದೆ.