ಸ್ಟೇಷನ್ ಇಲ್ಲದ ಜಾಗ

ನಾಲ್ಕನೇ ಮಹಡಿಯ ಓಟೋ ಇಳಿದು ಬಂದು ಬಾಗಿಲು ಬಡಿದ.
ಕೈಯಲ್ಲಿ ಕಂಟ್ರೋಲರು, ಒಂದೇ ಕಾಲಿಗೆ ಕಾಲುಚೀಲ.
"ವಿಜ್ಮಾ ಅಜ್ಜಿ, ಮತ್ತೆ ಬಂತು ಗೆರೆ.
ಗೋಲಿಗೆ ಇನ್ನು ಮೂರೇ ಹೆಜ್ಜೆ,
ಪರದೆ ನಡುಗಿತು. ಸೋತೆ."

ಹನ್ನೊಂದು ವರ್ಷದವನ ಸೋಲು ಸಣ್ಣದಲ್ಲ.
ಸ್ವೆಟರು ತೊಟ್ಟೆ. ಕಪಾಟಿನ ನೆತ್ತಿಯಿಂದ
ಹಳೇ ಟ್ರಾನ್ಸಿಸ್ಟರು ಇಳಿಸಿ ಬಗಲಿಗಿಟ್ಟುಕೊಂಡು
ಮೆಟ್ಟಿಲು ಹತ್ತಿದೆ, ಮೊಣಕಾಲು ಶಪಿಸುತ್ತ.

ಇಮಾಂತಾದ ಈ ಕಟ್ಟಡಗಳೆಲ್ಲ ಒಂದೇ ಅಚ್ಚಿನವು.
ಕುಡಿದ ರಾತ್ರಿ ಬೇರೆಯವರ ಮನೆಗೆ ಹೋಗಿ
ಕೋಟು ಕಳಚಿಟ್ಟವರಿದ್ದಾರೆ.
ಗೋಡೆಯೊಳಗೆ ಅಲ್ಯೂಮಿನಿಯಂ ತಂತಿ, ಎರಡೇ ಎಳೆ;
ನೆಲಕ್ಕಿಳಿಯಬೇಕಾದ ಮೂರನೆಯದನ್ನು
ನಕ್ಷೆ ಬರೆದವರು ಮರೆತರೋ, ಉಳಿಸಿದರೋ.

ಟಿವಿಯ ಹಿಂದೆ ಬಗ್ಗಿದರೆ ಹಾವಾಡಿಗನ ಬುಟ್ಟಿ.
ಅವನ ತಾಯಿ ಸಾರ್ಮೀತೆ ಮೂರು ಸಲ ಕೇಬಲ್ಲು ಬದಲಿಸಿದ್ದಾಳೆ,
ಕೊನೆಯದಕ್ಕೆ ಚಿನ್ನದ ಮೂತಿ. ಗೆರೆಗೇನು, ಚಿನ್ನ ಕಂಡೀತೆ?
ಕರೆಂಟಿನ ವಯರನ್ನು ಚಿತ್ರದ ವಯರಿನಿಂದ ಬಿಡಿಸಿದೆ,
ಜಗಳವಾಡಿದ ಜಾನುವಾರು ಬಿಡಿಸಿದಂತೆ.
ಆಂಟೆನಾ ಕಿತ್ತೆ: ಸ್ಪೀಕರಿನ ಗುಂಯ್ ನಿಂತಿತು.
ಗೆರೆ ನಿಲ್ಲಲಿಲ್ಲ.
ಕಳ್ಳರು ಇಬ್ಬರು.

ಟ್ರಾನ್ಸಿಸ್ಟರು ಹಚ್ಚಿ, ಮುಳ್ಳನ್ನು ನಿಧಾನ ತಿರುಗಿಸಿ
ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಂದು ನಿಲ್ಲಿಸಿದೆ.
"ಹಾಡು ಬರುವುದಿಲ್ಲವಲ್ಲ?" ಎಂದ ಓಟೋ.
ಬರಬಾರದು ಮಗು.

ನನ್ನಪ್ಪ ರಾತ್ರಿ ಹೊದಿಕೆಯೊಳಗೆ ಹೀಗೇ ತಿರುಗಿಸುತ್ತಿದ್ದ.
ಆಗ ಗದ್ದಲ ಸರಕಾರದ್ದು. ಬೇಕೆಂದೇ ಸುರಿಯುತ್ತಿದ್ದರು,
ಹೊರಗಿನ ದನಿ ಒಳಗೆ ಬಾರದಿರಲೆಂದು.
ಗರಗಸದಂಥ ಆ ಸದ್ದಿನ ಸಂದಿಯಲ್ಲಿ
ಅವನಿಗೆ ವಾರಕ್ಕೆ ಎರಡು ವಾಕ್ಯ ಸಿಕ್ಕರೆ ಹಬ್ಬ.
ಹಗಲು ನಾನು ಅದೇ ಊರಿನ ಕಾರ್ಖಾನೆಯಲ್ಲಿ
ರೇಡಿಯೋಗಳಿಗೆ ಸೀಸ ಕರಗಿಸಿ ಬೆಸುಗೆ ಹಾಕುತ್ತಿದ್ದೆ.
ಈ ಕಥೆ ಹುಡುಗನಿಗೆ ಹೇಳಲಿಲ್ಲ. ಕೆಲಸವಿತ್ತು.

ಫ್ರಿಜ್ಜಿನ ಬಳಿ ಹೋದೆ, ರೇಡಿಯೋ ಸುಮ್ಮನೆ.
ಕಿಟಕಿಯ ಬಳಿ, ಹಿಮ, ಬಸ್ಸು, ಸುಮ್ಮನೆ.
ಸಾರ್ಮೀತೆಯ ಫೋನಿನ ಚಾರ್ಜರು ಸೊಳ್ಳೆಯಂತೆ ಕುಂಯ್ಗುಟ್ಟಿತು, ಅಷ್ಟೆ.
ಓಟೋನ ಕೋಣೆಯ ಹೊಸ್ತಿಲು ದಾಟಿದ್ದೇ ತಡ
ಗೊರ್ರ್ರ್ ಎಂದಿತು,
ಮಂಚದ ಪಕ್ಕದ ಗಾಜಿನ ಪೆಟ್ಟಿಗೆಯ ಮುಂದೆ
ಕೈಯಲ್ಲಿ ಹಿಡಿಯಲಾಗದಷ್ಟು.

ಪೆಟ್ಟಿಗೆಯಲ್ಲಿ ಕುಂಗ್ಸ್. ಹೆಸರಿನ ಅರ್ಥ ಯಜಮಾನ.
ತಾತನಿಂದ ಬಂದ ಆಮೆ, ಗೋಡೆಗಡಿಯಾರದ ಜೊತೆಗೆ.
ನೆತ್ತಿಯ ಮೇಲೆ ಬಿಸಿ ಕೊಡುವ ಕೆಂಪು ದೀಪ,
ಶಾಖ ಕಾಯುವ ಪುಟ್ಟ ಡಬ್ಬಿ, ತಿರುಪು, ಹಸಿರು ಚುಕ್ಕೆ.
"ಇದನ್ನು ಕೊಂಡವರು ಯಾರೋ?"
"ನಾನೇ. ಹುಟ್ಟುಹಬ್ಬದ ದುಡ್ಡಲ್ಲಿ.
ಅವನಿಗೆ ಚಳಿಯಾಗುತ್ತಿತ್ತು."

ಕಂಕುಳಲ್ಲಿ ಮಗು, ಊರೆಲ್ಲ ಹುಡುಕಾಟ.

ಸ್ವಿಚ್ಚು ಆರಿಸು, ಎಂದೆ. ಆರಿಸಿದ.
ಹಜಾರದ ಪರದೆ ಕೊಳದ ನೀರಾಯಿತು,
ಹುಲ್ಲಿನ ಎಸಳೆಸಳೂ ಎಣಿಸುವಷ್ಟು.
ಯಜಮಾನ ಒಂದು ಕಣ್ಣು ತೆರೆದ.
ಓಟೋ ಪರದೆ ನೋಡಿದ, ಆಮೆ ನೋಡಿದ,
ಮನಸ್ಸಿನಲ್ಲೇ ನಾಲ್ಕು ಎಣಿಸಿರಬೇಕು.
ಮತ್ತೆ ಹಾಕಿದ.

ಹಾಗಾದರೆ ತಾಳು ಎಂದು ಕೆಳಗಿಳಿದು
ಗುಂಡಿಯ ಡಬ್ಬಿಯಿಂದ ಕಪ್ಪು ಫೆರೈಟ್ ಬಳೆ ತಂದೆ.
ಕಾರ್ಖಾನೆ ಮುಚ್ಚಿದ ದಿನ ಗೇಟಿನಲ್ಲಿ
ಯಾರೂ ಜೇಬು ತಡಕಲಿಲ್ಲ; ಕದ್ದದ್ದು ಅದೊಂದೇ.
ದೀಪದ ತಂತಿಯನ್ನು ಅದರೊಳಗೆ ಏಳು ಸುತ್ತು ಸುತ್ತಿದೆ,
ಪ್ಲಗ್ಗನ್ನು ಅಡುಗೆಮನೆಯ ಸಾಲಿಗೆ ಎಳೆದೆ.

ಗೆರೆ ಪೂರ್ತಿ ಹೋಗಲಿಲ್ಲ. ಎಳೆಕೂದಲಷ್ಟು ಉಳಿಯಿತು,
ಬಲ ಮೂಲೆಯಲ್ಲಿ, ಆಗಾಗ.
ಹೊಸ ಡಬ್ಬಿ ಕೊಂಡರೆ ಅದೂ ಹೋದೀತು ಎಂದೆ.
"ಇರಲಿ, ಅಲ್ಲಿ ಬರೀ ಪ್ರೇಕ್ಷಕರು ಕೂತಿರುತ್ತಾರೆ."

ಸಾರ್ಮೀತೆ ಹಣ ಚಾಚಿದಳು, ಬೈದೆ.
ಉಪ್ಪಿನಕಾಯಿ ಸೌತೆಯ ಜಾಡಿ ಕೊಟ್ಟಳು, ಬೈಯಲಿಲ್ಲ.

ರಾತ್ರಿ ಹಾಸಿಗೆಯ ಬಳಿ ಟ್ರಾನ್ಸಿಸ್ಟರು
ಇನ್ನೂ ಅದೇ ಜಾಗದಲ್ಲಿತ್ತು. ತಿರುಗಿಸಲಿಲ್ಲ.
ಕಿವಿಯಿಟ್ಟು ಕಾದರೆ ಏನೂ ಇಲ್ಲ, ಏನೂ ಇಲ್ಲ,
ಆಮೇಲೆ ಸೂರಿನಾಚೆಯಿಂದ
ಬಹಳ ಸಣ್ಣಗೆ,
ಗೊರ್ರ್.
ಯಜಮಾನನಿಗೆ ಬಿಸಿ ತಾಗುತ್ತಿದೆ.