ನಲವತ್ತು–ಪೂಜ್ಯ

ಮುರಕಲ್ಲಿನ ಗುಡ್ಡೆ ತಟ್ಟು ಮಾಡಿ
ನಾವೇ ಹಾಸಿದ ಅಂಗಳ ಇದು.
ಕೋರೆಯ ಲಾರಿಯವನು ಪುಕ್ಕಟೆ ಸುರಿದ ಕೆಂಪು ಹುಡಿ,
ಸಿಮೆಂಟು ಜರಡಿಯಲ್ಲಿ ಎರಡೆರಡು ಸಲ ಗಾಳಿಸಿ,
ಬಾವಿಯಿಂದ ಕೊಡ ಹೊತ್ತು ನೀರು.
ಗೆರೆಗಳಿಗೆ ಮರುವಾಯಿ ಚಿಪ್ಪಿನ ಸುಣ್ಣ.

ನೆಟ್ ಹರಿದಾಗ ಕಂಪನಿಗೆ ಬರೆಯಲಿಲ್ಲ.
ಕೊಯಿಪ್ಪಾಡಿ ಕಡಪ್ಪುರದಿಂದ ದೂಮಪ್ಪಣ್ಣ ಬಂದ,
ಕಾಲ್ಬೆರಳಿಗೆ ನೂಲು ಸಿಕ್ಕಿಸಿ ಕೂತು
'ಇದರಲ್ಲಿ ಯಾವ ಮೀನು, ಟೀಚರೇ?' ಅಂದ.
ಕೂಲಿ ಮುಟ್ಟಲಿಲ್ಲ.
ಕೈ ಮಾತ್ರ ಅಭ್ಯಾಸ ಬಿಡಲಿಲ್ಲ:
ಬಲಗಡೆಯ ನಾಲ್ಕು ಕಣ್ಣು ಅಂಜಲ್ ಮೀನಿನ ಅಳತೆಯವು,
ಆಗಾಗ ಒಂದು ಚೆಂಡು ಅಲ್ಲಿ
ಕಿವಿರು ಸಿಕ್ಕಿ ನಿಲ್ಲುತ್ತದೆ.

ವರ್ಷಕ್ಕೆ ಎರಡು ಡಬ್ಬಿ ಚೆಂಡು.
ಮುಚ್ಚಳ ಎಳೆದಾಗ ಉಸ್ಸೆಂದು ಬಿಡುವ ಆ ಒಂದು ಉಸಿರಿಗೆ
ಆರು ಮೂಗುಗಳು ಮುಗಿಬೀಳುತ್ತವೆ.
ಆಮೇಲೆ ಡಿಸೆಂಬರದ ತನಕ
ಬೋಳು ಚೆಂಡುಗಳ ಜೊತೆ ಸಂಸಾರ.

ಸಫ್ವಾನಳ ಮನೆಯಲ್ಲಿ ಬ್ಯಾರಿ, ಲೋಲಾಕ್ಷನದು ತುಳು,
ಜೋಯ್ಸನ್ ಕ್ರಾಸ್ತ ಬೈಯುವುದು ಕೊಂಕಣಿಯಲ್ಲಿ,
ನನಗೆ ಕನ್ನಡ, ಕಡತಕ್ಕೆ ಮಲಯಾಳ.
ಕುರ್ಚಿ ಮೇಲೆ ಕುರ್ಚಿ ಇಟ್ಟು ಅಂಪೈರಾದ ನಿಧೀಶ
ಇಂಗ್ಲಿಷಿನ ಲವ್ ಹೇಳಲು ನಾಚುತ್ತಾನೆ.
ಹುಡುಗಿಯರ ಎದುರು ಹೇಗೆ ಟೀಚರ್?
ಅದಕ್ಕೇ ಅವನ ಭಾಷೆಯ ಸೊನ್ನೆ:
'ನಲವತ್ತು – ಪೂಜ್ಯಂ!'
ನಾವು ಕನ್ನಡದವರು ಮೊದಲ ಸಲ ನಕ್ಕೆವು.
ಸೋಲುತ್ತಿರುವವನಿಗೆ ಎಂಥ ಮರ್ಯಾದೆ ಮಾರಾಯ!
ಆಮೇಲೆ ಅದೇ ರೂಢಿಯಾಯಿತು.

ಕಣ್ಣೂರಿನ ಟೂರ್ನಮೆಂಟಿಗೆ ಬೆಳಗಿನ ಲೋಕಲ್ಲಿನಲ್ಲಿ ಹೋದೆವು.
ಅಲ್ಲಿಯದು ಸಿಮೆಂಟು ಕೋರ್ಟು, ನೀಲಿ ಬಣ್ಣ.
ಐದು ಪೂಜ್ಯ. ಎರಡನೆಯ ಸೆಟ್.
ಸಫ್ವಾನ ಹೊಡೆದದ್ದು ಮೂಲೆಯ ಗೆರೆಗೆ ತಾಗಿತು,
ನಾನು ಕಂಡೆ, ಜಾಲಿಗೆ ಒರಗಿದ್ದ ಚಹಾದವನೂ ಕಂಡ.
ಎದುರಿನವಳು ಬೆರಳೆತ್ತಿದಳು: ಹೊರಗೆ.

ಇವಳು ಜಗಳ ಆಡಲಿಲ್ಲ. ನೆಟ್ ದಾಟಿ ಹೋಗಿ
ಬಗ್ಗಿ ಗುರುತು ಹುಡುಕಿದಳು.
ನಮ್ಮಲ್ಲಿ ಹಾಗೆ. ಕೆಂಪು ಹುಡಿಯಲ್ಲಿ
ಚೆಂಡು ಬಿದ್ದಲ್ಲಿ ಮೊಟ್ಟೆಯಷ್ಟು ಕುಳಿ,
ಕಾಲ್ಬೆರಳಿಂದ ಸುತ್ತ ಒಂದು ಗೆರೆ ಎಳೆದರೆ
ವಾದ ಮುಗಿಯಿತು; ತನಗೇ ವಿರುದ್ಧವಾದರೂ.
ಸಿಮೆಂಟು ಏನನ್ನೂ ಇಟ್ಟುಕೊಂಡಿರಲಿಲ್ಲ.
ಅವಳು ಅಂಗೈಯಿಂದ ಸವರಿಯೂ ನೋಡಿದಳು,
ತಲೆವಸ್ತ್ರದ ಪಿನ್ನು ಸರಿಮಾಡಿ ವಾಪಸು ಬಂದಳು.

ರೈಲಿನಲ್ಲಿ ಪಯ್ಯನ್ನೂರು ದಾಟುವವರೆಗೆ ಮಾತಿಲ್ಲ.
ಮತ್ತೆ ಕಡಲೆ ಬಂತು. ಕಾಗದದ ಕುಂಬುಳಿ ನನ್ನತ್ತ ಚಾಚಿ
'ಗುರುತು ಇತ್ತು ಟೀಚರ್,
ನೆಲಕ್ಕೆ ಹೇಳಲು ಗೊತ್ತಿರಲಿಲ್ಲ' ಎಂದಳು.

ಮೇ ಮುಗಿಯುವ ಮೊದಲು ನೆಟ್ ಇಳಿಸಿದೆವು,
ಮೇಲುಗಡೆ ಮಡಲು ಹಾಸಿ ಕಲ್ಲು ಹೇರಿದೆವು.
ಆಡಿಟಿನವರು ಬಂದು ದಾಸ್ತಾನು ಬರೆದರು:
ರ್‍ಯಾಕೆಟ್ ಐದು, ತಂತಿ ಇದ್ದದ್ದು ಮೂರು.
ಚೆಂಡು ಹನ್ನೊಂದು. (ಹನ್ನೆರಡನೆಯದು ಗೇರುಮರದಲ್ಲಿ,
ಅದನ್ನು ನಾನು ಹೇಳಲಿಲ್ಲ.)
ಗೆದ್ದ ಪದಕಗಳ ಕಾಲಮಿನಲ್ಲಿ ಪೆನ್ನು ತಡೆಯದೆ
ಮಲಯಾಳದ ದುಂಡು ಅಕ್ಷರದಲ್ಲಿ: ಪೂಜ್ಯಂ.
'ಸರಿಯಲ್ಲವಾ ಟೀಚರ್?'
ಸರಿ ಎಂದು ಕೆಳಗೆ
ಕನ್ನಡದಲ್ಲಿ ರುಜು ಹಾಕಿದೆ.

ಹೊರಗೆ ಲೋಲಾಕ್ಷ
ಮಳೆ ಬೀಳುವ ಮೊದಲು ಒಂದೇ ಒಂದು ಸಲವೆಂದು
ಖಾಲಿ ಗೋಡೆಗೆ ಸರ್ವ್ ಹೊಡೆಯುತ್ತಿದ್ದ.
ಸುಣ್ಣದ ಮೇಲೆ ಕೆಂಪು ಗುರುತು,
ಅದರ ಪಕ್ಕ ಇನ್ನೊಂದು.